ಕುತ್ತಿಗೆವರೆಗಿನ ಸ್ನಾನ

ಆ ಮನೆಯಲ್ಲಿ ಸ್ನಾನ ಎಂದರೆ ಮೊದಲು ಗೊಂಬೆಗಳದ್ದು, ಆಮೇಲೆ ಮನುಷ್ಯರದ್ದು. "ಸ್ನಾನ ಎಲ್ಲಿಗೆ ಬಂತೇ?" ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರೆ, "ಮೂರು ಮುಗೀತು, ಇನ್ನೆರಡು ನೆನೀತಿವೆ" ಎಂದು ದೊಡ್ಡ ಸೊಸೆ ಒಳಗಿನಿಂದ ಹೇಳುತ್ತಿದ್ದಳು. ಹೊಸದಾಗಿ ಬಂದ ನೆಂಟರು ಇದನ್ನು ಕೇಳಿ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಮನೆಯ ಮುಂಭಾಗವೇ ಅಂಗಡಿ. ಗಾಜಿನ ಕಪಾಟುಗಳ ತುಂಬ ಸೂಪರ್‌ಹೀರೋ ಗೊಂಬೆಗಳು. ಹಾರುವವರು, ಗೋಡೆ ಒಡೆಯುವವರು, ಅಂಗೈಯಿಂದ ಬೆಂಕಿ ಬಿಡುವವರು, ಜಗತ್ತನ್ನೇ ಉಳಿಸುವ ಈ ಮಂದಿಯೆಲ್ಲ ಒಂದೊಂದು ಗೇಣು ಎತ್ತರ. ದೊಡ್ಡವಳ ಗಂಡ ಗಲ್ಲಾದ ಹಿಂದೆ ಕೂತು ಗಿರಾಕಿಗಳನ್ನು ಮಾತಾಡಿಸುತ್ತಿದ್ದ. ಬಣ್ಣ ಸಿಪ್ಪೆ ಎದ್ದದ್ದು, ಬಿಸಿಲಿಗೆ ಮಂಕಾದದ್ದು, ಯಾರೋ ಉತ್ಸಾಹ ತಡೆಯಲಾರದೆ ಮನೆಯಲ್ಲೇ ಬಳಿದು ಕೆಡಿಸಿದ್ದು, ಇಂಥವನ್ನೆಲ್ಲ ಸಂಗ್ರಹ ಮಾಡುವ ಹುಚ್ಚಿನವರು ಹತ್ತಿಯಲ್ಲಿ ಸುತ್ತಿ ತಂದುಕೊಡುತ್ತಿದ್ದರು. ಅವು ಹಿಂದಿನ ಕೋಣೆಗೆ ಹೋಗುತ್ತಿದ್ದವು. ಅಲ್ಲಿ ಇಬ್ಬರು ಓರಗಿತ್ತಿಯರ ರಾಜ್ಯ. ದೊಡ್ಡವಳು ಹಳೇ ಬಣ್ಣ ತೆಗೆಯುವವಳು, ಚಿಕ್ಕವಳು ಹೊಸ ಬಣ್ಣ ಹಾಕುವವಳು. ಅತ್ತೆ ಇಬ್ಬರ ನಡುವೆ ಕುರ್ಚಿ ಹಾಕಿಕೊಂಡು, ಬಿಚ್ಚಿಟ್ಟ ಕೈಕಾಲು ತಲೆಗಳನ್ನು ಡಬ್ಬಿಗಳಿಗೆ ವಿಂಗಡಿಸುತ್ತ, "ಇದ್ಯಾರದ್ದೇ ಎಡಗೈ? ವಾರದಿಂದ ಅನಾಥವಾಗಿ ಬಿದ್ದಿದೆ. ಆ ಪುಣ್ಯಾತ್ಮ ಒಂದೇ ಕೈಲಿ ಜಗತ್ತು ಕಾಪಾಡ್ತಿದಾನೇನು?" ಎಂದು ವಿಚಾರಿಸುತ್ತಿದ್ದರು.

ಬಣ್ಣ ತೆಗೆಯುವುದು ಸುಮ್ಮನೆ ಮಾತಲ್ಲ. ಮುಚ್ಚಳದ ಡಬ್ಬಿಯಲ್ಲಿ ಘಾಟು ದ್ರಾವಣ ತುಂಬಿ, ಗೊಂಬೆಯನ್ನು ಅದರಲ್ಲಿ ಮುಳುಗಿಸಿ ಗಂಟೆಗಟ್ಟಲೆ ಬಿಡಬೇಕು. ಹೆಚ್ಚು ಹೊತ್ತಾದರೆ ಪ್ಲಾಸ್ಟಿಕ್ಕೇ ಮೆತ್ತಗಾಗಿ ಮೂಗು ಹೋಗುತ್ತದೆ. ಕಡಿಮೆಯಾದರೆ ಬಣ್ಣ ಜಗ್ಗುವುದಿಲ್ಲ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷು, ಮೇಲಂಗಿಯ ಮಡಿಕೆಗಳಿಗೆ ಮೊನೆ ಮಾಡಿದ ಕಡ್ಡಿ, ಕಿವಿಯ ಸುರುಳಿಗೆ ಹತ್ತಿಕಡ್ಡಿ. ಕೊನೆಗೆ ಸಾಬೂನು ನೀರು. ಒಣಗಿದ ಮೇಲೆ ಮೈ ತುಂಬ ಬೂದು ಪ್ರೈಮರಿನ, ಅಂದರೆ ತಳಬಣ್ಣದ, ತೆಳುವಾದ ಒಂದು ಕೋಟು. ಅಲ್ಲಿಗೆ ದೊಡ್ಡವಳ ಪಾಲು ಮುಗಿಯಿತು. ಹನ್ನೊಂದು ವರ್ಷಗಳಲ್ಲಿ ಅವಳು ತೊಳೆದ ಒಂದೇ ಒಂದು ಗೊಂಬೆಯ ಕಂಕುಳಲ್ಲಾಗಲಿ, ಬೆರಳ ಸಂದಿಯಲ್ಲಾಗಲಿ ಹಳೇ ಬಣ್ಣದ ಚೂರು ಉಳಿದದ್ದನ್ನು ಯಾರೂ ಕಂಡಿರಲಿಲ್ಲ.

ಆದರೆ ತೊಳೆದದ್ದನ್ನು ಯಾರಾದರೂ ನೋಡಿ ಬೆರಗಾಗುತ್ತಾರೆಯೇ? ಬೂದು ಗೊಂಬೆಯನ್ನು ಕೈಯಲ್ಲಿ ಹಿಡಿದು "ಆಹಾ, ಏನು ತೊಳೆದಿದೀರಮ್ಮ!" ಎಂದವರು ಈವರೆಗೆ ಹುಟ್ಟಿರಲಿಲ್ಲ. ಬೆರಗೆಲ್ಲ ಕಣ್ಣಿಗೆ. ಚಿಕ್ಕವಳು ಬರೆಯುವ ಕಣ್ಣಿಗೆ. ಸಾಸಿವೆಗಿಂತ ಚಿಕ್ಕ ಜಾಗದಲ್ಲಿ ಬಿಳಿ, ಅದರ ಮೇಲೆ ಕಂದು, ಕಂದಿನ ನಡುವೆ ಕಪ್ಪು, ಕಪ್ಪಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಬೆಳಕು. ಉಸಿರು ಬಿಗಿಹಿಡಿದು ಇಟ್ಟಳೆಂದರೆ ಗೊಂಬೆ ನಿಮ್ಮನ್ನೇ ನೋಡುತ್ತಿತ್ತು. ಯಾರೋ ಗಿರಾಕಿ ಮೆಚ್ಚಿ ಅವಳಿಗೆ 'ಕಣ್ಣಮ್ಮ' ಎಂದು ಹೆಸರಿಟ್ಟ. ಒಬ್ಬಳಿಗೆ ಬಿರುದು ಕೊಟ್ಟು ಇನ್ನೊಬ್ಬಳನ್ನು ಹಾಗೇ ಬಿಡುವುದು ಸರಿಯಲ್ಲವೆಂದು ಅತ್ತೆ ದೊಡ್ಡವಳಿಗೆ 'ಸ್ನಾನದಮ್ಮ' ಎಂದಿಟ್ಟರು. ಎಲ್ಲರೂ ನಕ್ಕರು. ದೊಡ್ಡವಳೂ ನಕ್ಕಳು. ಆ ನಗು ಅವಳು ತೊಟ್ಟಿಯ ಹತ್ತಿರ ಬರುವವರೆಗೆ ಬಾಳಿಕೆ ಬಂತು.

ಚಿಕ್ಕವಳ ಮೇಜು ಕಿಟಕಿಯ ಬಳಿ ಇತ್ತು, ಬೆಳಕು ಬೇಕಲ್ಲ. ದೊಡ್ಡವಳದ್ದು ತೊಟ್ಟಿಯ ಪಕ್ಕ, ನೀರು ಬೇಕಲ್ಲ. ನ್ಯಾಯವಾಗಿಯೇ ಇತ್ತು ಎಲ್ಲ. ಅದೇ ಅವಳಿಗೆ ಸಂಕಟ. ಅನ್ಯಾಯವಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಏಕೆಂದರೆ ಒಂದು ಕಾಲಕ್ಕೆ ಕಿಟಕಿಯ ಮೇಜು ಅವಳದ್ದೇ. ಮದುವೆಯಾಗಿ ಬಂದ ಹೊಸತರಲ್ಲಿ ಗಂಡನ ಜೊತೆ ಕೂತು ಬೂಟಿಗೆ, ಬೆಲ್ಟಿಗೆ ಬಣ್ಣ ಹಾಕುತ್ತಿದ್ದವಳು ಒಂದು ದಿನ ಧೈರ್ಯ ಮಾಡಿ ಇಡೀ ಗೊಂಬೆಗೆ ಕೈ ಹಾಕಿದಳು. ಅದರ ಹೆಸರು ಉಲ್ಕೆ. ಕೆಂಪು ಗಿಡ್ಡ ಮೇಲಂಗಿ, ಬೆಳ್ಳಿ ಕೈಗವಸು, ಒಂದು ಮಂಡಿಯೂರಿ ಆಕಾಶ ನೋಡುತ್ತಿರುವ ಹೆಣ್ಣು. ಒಂದೇ ಎರಕ, ತಲೆ ಬಿಚ್ಚಲು ಬರುವುದಿಲ್ಲ. ಹದಿನೈದು ದಿನ ಹಿಡಿಯಿತು. ಆಗ ಬದುಕಿದ್ದ ಮಾವ ಕನ್ನಡಕ ಹಣೆಗೇರಿಸಿ ನೋಡಿ, "ಮಗಾ, ನಿಂಗೆ ಕೈ ಇದೆ" ಎಂದಿದ್ದರು. ದೊಡ್ಡವಳ ಕುತ್ತಿಗೆಯ ಎಡಕ್ಕೆ, ಕಿವಿಯ ಕೆಳಗೆ ಒಂದು ಮಚ್ಚೆ ಇತ್ತು. ಹುಡುಗಾಟಕ್ಕೆ ಅಂಥದ್ದೇ ಒಂದು ಚುಕ್ಕೆಯನ್ನು ಉಲ್ಕೆಗೂ ಇಟ್ಟಿದ್ದಳು. ಗೊಂಬೆ ಮಾರಿಹೋಯಿತು. ಅವಳು ಬರೆದ ಮೊದಲ ಮುಖ, ಕೊನೆಯದೂ ಅದೇ. ಮರುವರ್ಷ ಮೈದುನನ ಮದುವೆಯಾಯಿತು, ಚಿಕ್ಕವಳು ಬಂದಳು, ಬಂದ ತಿಂಗಳಿಗೇ ತಮಾಷೆಗೆಂದು ಒಂದು ಮುಖ ಬರೆದಳು. ಮನೆ ಮಂದಿಯೆಲ್ಲ ಕಿಟಕಿಯ ಹತ್ತಿರ ಗುಂಪುಗೂಡಿದರು.

ಯಾರೂ ದೊಡ್ಡವಳ ಕೈಯಿಂದ ಕುಂಚ ಕಿತ್ತುಕೊಳ್ಳಲಿಲ್ಲ. "ಮುಖ ಅವಳು ಮಾಡ್ಲಿ, ನೀನು ಬೆನ್ನು ಮಾಡು" ಎಂದ ಗಂಡ. ಬೆನ್ನಿನಿಂದ ಬೂಟಿಗೆ, ಬೂಟಿನಿಂದ ಕಾಲ ಕೆಳಗಿನ ಕಲ್ಲುಬಂಡೆಗೆ, ಅಲ್ಲಿಂದ ಸ್ನಾನದ ಡಬ್ಬಿಗೆ. ಜಾರುಬಂಡೆಯಲ್ಲಿ ಕೂತವರಿಗೆ ಯಾರು ತಳ್ಳಿದರೆಂದು ಗೊತ್ತಾಗುವುದಿಲ್ಲ, ಕೆಳಗೆ ಬಂದ ಮೇಲೆ ಅಂಡಿಗೆ ತಾಗಿದ್ದು ಮಾತ್ರ ಗೊತ್ತಾಗುತ್ತದೆ.

ಒಂದು ಸೋಮವಾರ ಹಲ್ಲಿನ ಡಾಕ್ಟರು ಬಂದರು. ಅವರು ಅಂಗಡಿಯ ಹಳೇ ಗಿರಾಕಿ. ತಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳು ಹೆದರದಿರಲೆಂದು ಗೊಂಬೆಗಳ ಕಪಾಟು ಇಟ್ಟವರು. ಗಿರಾಕಿಗಳು ಯಾರೂ ಹಿಂದಿನ ಕೋಣೆಗೆ ಬರುವಂತಿರಲಿಲ್ಲ, ಇವರು ಮಾತ್ರ ಸೀದಾ ಬಂದು ಚಿಕ್ಕವಳ ಮೇಜಿನ ಮುಂದೆ ನಿಂತುಬಿಡುತ್ತಿದ್ದರು.

"ಕಣ್ಣಮ್ಮ, ಇಲ್ಲಿ ನೋಡಿ ನಿಮಗೊಬ್ಬಳು ರೋಗಿ ತಂದಿದೀನಿ. ಯಾರೋ ಮನೆ ಖಾಲಿ ಮಾಡ್ತಿದ್ರು, ಅಲ್ಲಿ ಸಿಕ್ಕಿದಳು. ಗೊಂಬೆ ಅಪರೂಪದ್ದು, ಬಣ್ಣ ಮಾತ್ರ..." ಎಂದು ಹತ್ತಿ ಬಿಡಿಸಿದರು.

ತೊಟ್ಟಿಯ ಬಳಿ ಬ್ರಷ್ಷು ತೊಳೆಯುತ್ತಿದ್ದ ದೊಡ್ಡವಳು ಓರೆಗಣ್ಣಿನಿಂದ ನೋಡಿದಳು. ಕೆಂಪು ಗಿಡ್ಡ ಮೇಲಂಗಿ. ಮಂಡಿಯೂರಿದ ಕಾಲು. ಕಿವಿಯ ಕೆಳಗೆ ಚುಕ್ಕೆ. ಹನ್ನೆರಡು ವರ್ಷದ ಹಿಂದೆ ಕಳಿಸಿಕೊಟ್ಟವಳು ಹೇಳದೆ ಕೇಳದೆ ತಿರುಗಿ ಬಂದಿದ್ದಳು.

"ಮುಖ ನೋಡಿ ಮುಖ," ಡಾಕ್ಟರು ನಕ್ಕರು. "ಒಂದು ಕಣ್ಣು ಆಕಾಶ ನೋಡ್ತಿದೆ, ಇನ್ನೊಂದು ಪಕ್ಕದ ಮನೆ ನೋಡ್ತಿದೆ. ಮೆಳ್ಳೆಗಣ್ಣು!"

ಚಿಕ್ಕವಳು ಗೊಂಬೆಯನ್ನು ಬೆಳಕಿಗೆ ಹಿಡಿದಳು. ಕೆಟ್ಟ ಬುದ್ಧಿಯವಳಲ್ಲ ಅವಳು. ಬಾಯಿ ಮಾತ್ರ ಸ್ವಲ್ಪ ಮುಂದು. "ಅಯ್ಯೋ ಪಾಪ," ಎಂದಳು, "ಯಾರೋ ಪೊರಕೇಲಿ ಬರೆದಿರೋ ಹಾಗಿದೆ. ಬಣ್ಣ ನೋಡಿ ಎಷ್ಟು ದಪ್ಪ! ಇದನ್ನ ತೊಳೆಯೋಕೆ ನಮ್ಮಕ್ಕನೇ ಬೇಕು." ತಿರುಗಿ, "ಅಕ್ಕಾ, ನಿಮಗೊಳ್ಳೆ ಕೆಲಸ ಬಂತು!" ಎಂದು ಗೊಂಬೆಯನ್ನು ಅವಳ ಒದ್ದೆ ಕೈಯಲ್ಲಿಟ್ಟಳು.

ದೊಡ್ಡವಳ ಗಂಡ ಬಾಗಿಲಲ್ಲಿ ನಿಂತಿದ್ದ. ಅವಳು ಅವನ ಮುಖ ನೋಡಿದಳು, ಗುರುತು ಹಿಡಿಯುತ್ತಾನೇನೋ ಎಂದು. ಅವನು ಗೊಂಬೆಯನ್ನು ಒಮ್ಮೆ ನೋಡಿ, "ಇದು ಮುಚ್ಚಿಹೋದ ಕಾರ್ಖಾನೆಯ ಮಾಲು, ಈಗ ಬರಲ್ಲ" ಎಂದು ಡಾಕ್ಟರಿಗೆ ಹೇಳಿ ಗಲ್ಲಾಕ್ಕೆ ಹೋದ. ಹೊಟ್ಟೆಯಲ್ಲಿ ಮೊದಲಿನಿಂದ ಕೂತಿದ್ದ ಕೆಂಡದ ಮೇಲೆ ಯಾರೋ ಬೀಸಣಿಗೆ ಬೀಸಿದ ಹಾಗಾಯಿತು.

'ನಾನೇ ಬರೆದದ್ದು' ಎಂದು ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಇಬ್ಬರೂ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ಅಷ್ಟೇನೂ ಕೆಟ್ಟದಾಗಿಲ್ಲ" ಎನ್ನುತ್ತಿದ್ದರು. ಆ ಸಮಾಧಾನದ ಮಾತು ಕೇಳುವುದಕ್ಕಿಂತ ದ್ರಾವಣ ಕುಡಿಯುವುದು ವಾಸಿ ಅನ್ನಿಸಿತು ಅವಳಿಗೆ.

ಮಾರನೆಯ ಬೆಳಗ್ಗೆ ಡಬ್ಬಿ ತೆಗೆದಳು. ಉಲ್ಕೆಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಳು. ಎಡಗಣ್ಣು ಮೇಲಿದೆ ನಿಜ. ಕೂದಲೆಳೆಯಷ್ಟು. ಬಣ್ಣ ದಪ್ಪವಿದೆ, ಅದೂ ನಿಜ. ನೀರು ಬೆರೆಸಿ ತೆಳು ಮಾಡಿ ಮೂರು ಸಲ ಹಾಕಬೇಕೆಂದು ಆಗ ಹೇಳಿಕೊಟ್ಟವರು ಯಾರು? ಆದರೂ ಆ ನೋಟದಲ್ಲಿ ಏನೋ ಇತ್ತು. ಆಕಾಶದಿಂದ ಬಿದ್ದವಳು ಮತ್ತೆ ಆಕಾಶವನ್ನೇ ನೋಡುತ್ತ 'ಇಷ್ಟೇನಾ?' ಎಂದು ಕೇಳುವ ಹಾಗೆ. ಅಥವಾ ಅದು ಅವಳಿಗೊಬ್ಬಳಿಗೇ ಕಾಣುತ್ತಿತ್ತೋ ಏನೋ.

ದ್ರಾವಣವನ್ನು ಉದ್ದನೆಯ ಜಾಡಿಗೆ ಸುರಿದಳು. ಎಂದಿನಂತೆ ತುಂಬ ಸುರಿಯಲಿಲ್ಲ. ಉಲ್ಕೆಯನ್ನು ಒಳಗಿಟ್ಟಾಗ ದ್ರಾವಣ ಅವಳ ಭುಜದವರೆಗೆ ಬಂದು ನಿಂತಿತು. ತಲೆ ಹೊರಗೆ.

"ಇದೇನೇ ಇದು, ಕುತ್ತಿಗೆವರೆಗೆ ಸ್ನಾನ?" ಅತ್ತೆ ಬಗ್ಗಿ ನೋಡಿದರು. "ನೆಗಡಿಯಾಗಿದ್ಯಾ ಅವಳಿಗೆ?"

"ತಲೆ ಆಮೇಲೆ ಮಾಡ್ತೀನಿ ಅತ್ತೆ. ಪ್ಲಾಸ್ಟಿಕ್ಕು ಹಳೇದು, ಮೂಗು ಕರಗಿಬಿಡತ್ತೆ."

ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ಅವಳಿಗೇ ನಂಬಿಕೆ ಬಂತು. ಮೈ ತೊಳೆದಳು. ಮೇಲಂಗಿಯ ಒಂದೊಂದು ಮಡಿಕೆಯನ್ನೂ ಕಡ್ಡಿಯಿಂದ ಬಿಡಿಸಿದಳು. ಕೂದಲನ್ನು ಹತ್ತಿಕಡ್ಡಿಯಿಂದ ಒರೆಸಿದಳು. ಮುಖವನ್ನು ನಾಳೆ ಮಾಡಿದರಾಯಿತು ಎಂದುಕೊಂಡಳು. ನಾಳೆ ಬಂದಾಗ ಪ್ರೈಮರಿನ ಸ್ಪ್ರೇ ಡಬ್ಬಿ ಅಲ್ಲಾಡಿಸುತ್ತಿದ್ದಳು. ಬೂದು ಮಂಜು ಉಲ್ಕೆಯ ಕಾಲಿನಿಂದ ಮೇಲೇರಿತು, ಎದೆ ಮುಚ್ಚಿತು, ಮಚ್ಚೆ ಮುಚ್ಚಿತು, ಎರಡು ಕಣ್ಣನ್ನೂ ಮುಚ್ಚಿತು. ನೋಡಿದರೆ ಹನ್ನೊಂದು ವರ್ಷ ಅವಳು ಕಳಿಸಿದ ಎಲ್ಲ ಗೊಂಬೆಗಳ ಹಾಗೆಯೇ ಇತ್ತು.

'ಬರೀಲಿ,' ಎಂದುಕೊಂಡಳು. 'ಎಷ್ಟು ಬೇಕಾದ್ರೂ ಬರೀಲಿ. ಕೆಳಗೆ ನಾನಿರ್ತೀನಿ.'

ಚಿಕ್ಕವಳು ಎರಡು ದಿನದಲ್ಲಿ ಮೈಯ ಬಣ್ಣ ಮುಗಿಸಿದಳು. ಮೇಲಂಗಿ ಉರಿಯುವ ಹಾಗೆ ಬಂತು, ಗವಸು ನಿಜವಾದ ಬೆಳ್ಳಿ. ಆಮೇಲೆ ಮುಖಕ್ಕೆ ಚರ್ಮದ ಬಣ್ಣದ ಮೂರು ತೆಳು ಕೋಟು. ಆಮೇಲೆ ದೀಪ ಹತ್ತಿರ ಎಳೆದುಕೊಂಡು, ಭೂತಗನ್ನಡಿಯ ಕೆಳಗೆ ಗೊಂಬೆ ಹಿಡಿದು, ಕಿರುಬೆರಳನ್ನು ಮೇಜಿಗೂರಿ ಉಸಿರು ಹಿಡಿದಳು. ಕೋಣೆಯಲ್ಲಿ ಆ ಹೊತ್ತಿಗೆ ಯಾರೂ ಮಾತಾಡುವಂತಿರಲಿಲ್ಲ. ಅತ್ತೆ ಕೂಡ ಒಂದು ರುಂಡವನ್ನು ಡಬ್ಬಿಗೆ ಹಾಕಲು ಹೋದವರು ಸದ್ದಾದೀತೆಂದು ಹಾಗೇ ಹಿಡಿದುಕೊಂಡಿದ್ದರು.

ಚಿಕ್ಕವಳು ಉಸಿರು ಬಿಟ್ಟಳು. ನೋಡಿದಳು. ಹುಬ್ಬು ಗಂಟಾಯಿತು. ಒದ್ದೆ ಹತ್ತಿಯಲ್ಲಿ ಒರೆಸಿದಳು. ಮತ್ತೆ ಬರೆದಳು. ಮತ್ತೆ ಒರೆಸಿದಳು.

"ಏನಾಯ್ತೇ?" ಅತ್ತೆ.

"ಎಡಗಣ್ಣು ಮೇಲಕ್ಕೆ ಹೋಗ್ತಿದೆ. ಗೆರೆ ಎಲ್ಲಿಟ್ರೂ ಓರೆ ಕಾಣತ್ತೆ."

ತೊಟ್ಟಿಯ ಬಳಿ ದೊಡ್ಡವಳ ಬ್ರಷ್ಷು ಒಂದು ಕ್ಷಣ ನಿಂತು ಮತ್ತೆ ಓಡಿತು. ಅವಳಿಗೆ ಗೊತ್ತು. ಬಣ್ಣ ಮುಚ್ಚಿಹೋದರೂ ದಪ್ಪ ಮುಚ್ಚಿಹೋಗುವುದಿಲ್ಲ. ಕೆಳಗೆ ಅವಳ ರೆಪ್ಪೆಯ ದಿಣ್ಣೆ ಇದೆ, ಅವಳ ಕರಿಬೊಟ್ಟಿನ ಗುಬುಟು ಇದೆ. ದೀಪದ ಬೆಳಕು ಅದರ ಮೇಲೆ ಬಿದ್ದು ನೆರಳು ಓರೆಯಾಗುತ್ತದೆ, ಕುಂಚದ ತುದಿ ಅದನ್ನು ತಾಗಿ ಜಾರುತ್ತದೆ. ಇದಾಗುತ್ತದೆಂದು ಅವಳು ಯೋಚಿಸಿ ಮಾಡಿದ್ದಲ್ಲ. ಆದರೆ ಆದಾಗ ಒಳಗೆಲ್ಲೋ ಒಂದು ಹುಡುಗಿ ಚಪ್ಪಾಳೆ ತಟ್ಟಿ ಕುಣಿದದ್ದು ಸುಳ್ಳಲ್ಲ. ಅವತ್ತು ಮಧ್ಯಾಹ್ನ ಅವಳು ಎರಡು ತುತ್ತು ಹೆಚ್ಚಿಗೇ ಊಟ ಮಾಡಿದಳು.

ಮರುದಿನವೂ ಅದೇ. ಚಿಕ್ಕವಳು ಎಂಟು ಸಲ ಬರೆದಳು, ಎಂಟು ಸಲ ಒರೆಸಿದಳು. ಕುಂಚ ಬದಲಾಯಿಸಿದಳು, ದೀಪ ಬದಲಾಯಿಸಿದಳು, ಕೊನೆಗೆ ಕೂರುವ ದಿಂಬು ಕೂಡ ಬದಲಾಯಿಸಿದಳು.

"ಕೆಳಗೆ ಏನಾದ್ರೂ ಉಳ್ಕೊಂಡಿದ್ಯೋ ಏನೋ ನೋಡೇ," ಎಂದರು ಅತ್ತೆ, ಸುಮ್ಮನೆ, ಒಂದು ಬಲಗಾಲನ್ನು ಡಬ್ಬಿಗೆ ಹಾಕುತ್ತ.

ದೊಡ್ಡವಳು ತೊಟ್ಟಿಗೆ ಇನ್ನಷ್ಟು ಬಗ್ಗಿದಳು.

"ಅಕ್ಕ ತೊಳೆದ ಮೇಲೆ ಉಳಿಯತ್ತಾ ಅತ್ತೆ?" ಚಿಕ್ಕವಳಿಗೆ ರೇಗಿಯೇಹೋಯಿತು. "ಹನ್ನೊಂದು ವರ್ಷದಿಂದ ನೋಡ್ತಿದೀನಿ. ಅಕ್ಕ ಕೊಟ್ಟಿದ್ದನ್ನ ನಾನು ಒಂದಿನಾನೂ ತಿರುಗಿಸಿ ನೋಡಿಲ್ಲ. ಸುಮ್ನೆ ಕಣ್ಣು ಮುಚ್ಕೊಂಡು ಶುರು ಮಾಡ್ತೀನಿ. ನನ್ನ ಕಣ್ಣೇ ಸರಿಯಿಲ್ಲ ಅಂದ್ರೂ ನಂಬ್ತೀನಿ, ಅಕ್ಕನ ಕೈ ಸರಿಯಿಲ್ಲ ಅಂದ್ರೆ ನಂಬಲ್ಲ."

ಇಷ್ಟು ವರ್ಷ ಯಾರ ಬಾಯಿಂದ ಕೇಳಬೇಕೆಂದು ಕಾದಿದ್ದಳೋ ಆ ಮಾತು ಇವತ್ತೇ ಬರಬೇಕೆ! ದೊಡ್ಡವಳು ನಲ್ಲಿ ಜೋರಾಗಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಉತ್ತರ ಕೊಡುವ ಗೋಜು ತಪ್ಪಿತು.

ಮೂರನೆಯ ದಿನ ಚಿಕ್ಕವಳು ಮೇಜಿಗೆ ಕೂತು ಎರಡು ಕೈಯನ್ನೂ ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದಳು. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರು ಓದಿದಳು, ಇನ್ನೊಂದು ಮುಚ್ಚಿ ಓದಿದಳು.

"ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗ್ತಿದೀನಿ ಅಕ್ಕ. ಇವರು ಹೇಳಿ ಸಮಯ ತಗೊಂಡಿದಾರೆ," ಎಂದಳು. 'ಇವರು' ಎಂದರೆ ಅವಳ ಗಂಡ.

"ಅಷ್ಟಕ್ಕೆಲ್ಲ ಯಾಕೇ..."

"ನಮ್ಮಮ್ಮನಿಗೂ ನಲವತ್ತಕ್ಕೇ ಪೊರೆ ಬಂದಿತ್ತು. ಮೊದಲು ಹೀಗೇ ಅಂತೆ. ಗೆರೆ ಓರೆ ಕಾಣ್ತಿತ್ತಂತೆ. ಆಮೇಲೆ ಸೂಜಿಗೆ ದಾರ ಪೋಣಿಸೋಕಾಗ್ತಿರಲಿಲ್ಲ, ಆಮೇಲೆ..." ಎದ್ದು ಬಂದು, ತನ್ನ ಅತಿ ಸಣ್ಣ ಕುಂಚವನ್ನು, ಯಾರಿಗೂ ಮುಟ್ಟಲು ಬಿಡದಿದ್ದ ಕುಂಚವನ್ನು ದೊಡ್ಡವಳ ಕೈಯಲ್ಲಿಟ್ಟಳು. "ಇದು ನೀವೇ ಬರೀರಿ ಅಕ್ಕ. ಹಲ್ಲಿನ ಡಾಕ್ಟರು ಸೋಮವಾರ ಬರ್ತಾರೆ. ಇನ್ನು ಮೇಲೆ ಮುಖ ಎಲ್ಲ ನೀವೇ ಮಾಡಿ. ನಿಮಗೂ ಕೈ ಇತ್ತು ಅಂತ ಮಾವ ಹೇಳ್ತಿದ್ರು, ನಾನು ಕೇಳಿದೀನಿ. ನಾನು ತೊಳ್ಕೊಂಡಿರ್ತೀನಿ. ಕಣ್ಣು ಕಾಣದಿದ್ರೂ ತೊಳೀಬಹುದಲ್ವಾ?"

ಕೊನೆಯ ಮಾತು ದೊಡ್ಡವಳಿಗೆ ಚುಚ್ಚಿತು. ತೊಳೆಯುವುದೆಂದರೆ ಕುರುಡರ ಕೆಲಸ ಎಂದುಕೊಂಡಿದ್ದಾಳೆ ಇವಳು! ಆ ಚುಚ್ಚಿನ ಬಿಸಿಯಲ್ಲೇ ಹೋಗಿ ಕಿಟಕಿಯ ಮೇಜಿಗೆ ಕೂತಳು.

ಹನ್ನೊಂದು ವರ್ಷದ ಮೇಲೆ. ಬೆಳಕು ಎಡಗಡೆಯಿಂದ ಬರುತ್ತಿತ್ತು, ಮುಂಚಿನ ಹಾಗೆಯೇ. ಭೂತಗನ್ನಡಿ ಎಳೆದುಕೊಂಡಳು. ಮುಖ ದೊಡ್ಡದಾಯಿತು. ಅಲ್ಲಿ, ಚಿಕ್ಕವಳ ನುಣುಪಾದ ಚರ್ಮದ ಬಣ್ಣದ ಕೆಳಗೆ, ಹೊದಿಕೆಯ ಕೆಳಗೆ ಮಲಗಿದವರ ಮೊಣಕಾಲು ಕಾಣುವ ಹಾಗೆ, ಅವಳದ್ದೇ ಎರಡು ಕಣ್ಣು ಉಬ್ಬಿ ಕಾಣುತ್ತಿದ್ದವು. ಎಲ್ಲಿದೆಯೆಂದು ಗೊತ್ತಿದ್ದವರಿಗೆ ಮಾತ್ರ ಕಾಣುವ ಉಬ್ಬು.

ಅವಳು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಕುಂಚ ತಾನಾಗಿ ಹಳೇ ಜಾಡು ಹಿಡಿಯಿತು. ಎಡ ರೆಪ್ಪೆಯ ದಿಣ್ಣೆಗುಂಟ ಗೆರೆ ಜಾರಿತು, ಕರಿಬೊಟ್ಟು ಹಳೇ ಬೊಟ್ಟಿನ ನೆತ್ತಿಯ ಮೇಲೆ ಕೂತಿತು. ಬೆಳಕು, ನೆರಳು, ಉಬ್ಬು, ಬಣ್ಣ, ನಾಲ್ಕೂ ಒಂದಕ್ಕೊಂದು ಒಪ್ಪಿಕೊಂಡವು. ಕೂದಲೆಳೆಯಷ್ಟು ಮೇಲಿದ್ದ ಎಡಗಣ್ಣು ಈಗ ಬೇಕೆಂದೇ ಎತ್ತಿದ ಕಣ್ಣಿನ ಹಾಗೆ ಕಂಡಿತು. ಉಲ್ಕೆ ಆಕಾಶ ನೋಡಿದಳು.

"ಬಂತು ನೋಡೇ!" ಅತ್ತೆ ಕುರ್ಚಿಯಿಂದ ಅರ್ಧ ಎದ್ದರು. "ಸ್ನಾನದಮ್ಮ ಕಣ್ಣಮ್ಮ ಆದಳು!"

ಚಿಕ್ಕವಳು ಓಡಿ ಬಂದು ಭುಜದ ಮೇಲಿಂದ ಬಗ್ಗಿದಳು. ಅವಳ ಮುಖದಲ್ಲಿ ಹೊಟ್ಟೆಕಿಚ್ಚು ಮೂಡುವುದನ್ನು ನೋಡಬೇಕೆಂದು ದೊಡ್ಡವಳು ತಲೆ ತಿರುಗಿಸಿದಳು. ಎಷ್ಟೋ ವರ್ಷದ ಆಸೆ ಅದು. ಒಂದೇ ಒಂದು ಸಲ ಆ ಮುಖ ಚಿಕ್ಕದಾಗಬೇಕು, ತುಟಿ ಬಿಗಿಯಬೇಕು.

ಚಿಕ್ಕವಳ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗು. "ಬಂತಲ್ಲ ಅಕ್ಕ! ನಿಮ್ಮ ಕೈಲಿ ಬಂತಲ್ಲ! ಸದ್ಯ, ಕೆಲಸ ಮನೇಲೇ ಉಳೀತು. ನನ್ನ ಕಣ್ಣು ಹೋದ್ರೂ ಪರವಾಗಿಲ್ಲ ಬಿಡಿ," ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ತೊಟ್ಟಿಯ ಕಡೆ ಹೋದಳು. ಅಲ್ಲಿದ್ದ ಹಳೇ ಹಲ್ಲುಜ್ಜುವ ಬ್ರಷ್ಷನ್ನು ಕೈಗೆತ್ತಿಕೊಂಡು, ಅದನ್ನು ಹೇಗೆ ಹಿಡಿಯುವುದೆಂದು ತಿರುಗಿಸಿ ಮುರುಗಿಸಿ ನೋಡುತ್ತ ನಿಂತಳು.

ದೊಡ್ಡವಳಿಗೆ ಆ ನಗುವನ್ನು ಸಹಿಸುವುದಾಗಲಿಲ್ಲ. ಬೈದಿದ್ದರೆ ತಡೆಯುತ್ತಿದ್ದಳು. ಮೂತಿ ತಿರುವಿದ್ದರೆ ಹಬ್ಬ ಮಾಡುತ್ತಿದ್ದಳು.

"ಇಟ್ಟುಬಿಡೇ ಅದನ್ನ," ಎಂದಳು. "ಬಾ ಇಲ್ಲಿ. ಕಣ್ಣಿನ ಡಾಕ್ಟರ ಹತ್ರ ಹೋಗೋದು ಬೇಡ. ಬಾ, ನೋಡು."

ಹತ್ತಿಕಡ್ಡಿಯನ್ನು ದ್ರಾವಣದಲ್ಲಿ ಅದ್ದಿದಳು. ಮೈಯ ಬಣ್ಣಕ್ಕೆ ತಾಗದಂತೆ ಉಲ್ಕೆಯ ಕುತ್ತಿಗೆಗೆ ಬಟ್ಟೆ ಸುತ್ತಿ, ಎಡಗಣ್ಣಿನ ಮೇಲೆ ಮೆಲ್ಲಗೆ ತಿರುಗಿಸತೊಡಗಿದಳು. ಈಗಷ್ಟೇ ಬರೆದ ಕಪ್ಪು ಹೋಯಿತು. ಚರ್ಮದ ಬಣ್ಣ ಹೋಯಿತು. ಬೂದು ಹೋಯಿತು. ಅತ್ತೆಯೂ ಎದ್ದು ಬಂದಿದ್ದರು. ಬೂದಿನ ಕೆಳಗಿಂದ ಬಿಳಿ ಬಂತು, ಕಂದು ಬಂತು, ದಪ್ಪನೆಯ ಕರಿಬೊಟ್ಟು ಬಂತು. ಬಲಗಣ್ಣೂ ಹಾಗೇ. ಚಿಕ್ಕವಳು ಬಾಯಿ ತೆರೆದು ನೋಡುತ್ತಿದ್ದಳು. ದೊಡ್ಡವಳು ಕಡ್ಡಿಯನ್ನು ಕಿವಿಯ ಕೆಳಗೆ ತಂದು ಒಂದು ಸುತ್ತು ತಿರುಗಿಸಿದಳು. ಚುಕ್ಕೆ ಎದ್ದು ಬಂತು.

ಚಿಕ್ಕವಳು ಗೊಂಬೆಯ ಕುತ್ತಿಗೆ ನೋಡಿದಳು. ತಿರುಗಿ ದೊಡ್ಡವಳ ಕುತ್ತಿಗೆ ನೋಡಿದಳು.

"ನೀವು ಬರೆದದ್ದಾ?"

"ಹೂಂ."

"ಮುಖ ತೊಳೀಲೇ ಇಲ್ವಾ?"

"ಇಲ್ಲ. ಮನಸ್ಸಾಗಲಿಲ್ಲ. ನೀನು ಪೊರಕೆ ಅಂದೆ."

"ಪೊರಕೆ ಅಂದೆ, ಸರಿ. ನೀವು ಅಂತ ಗೊತ್ತಿತ್ತಾ ನಂಗೆ?" ಚಿಕ್ಕವಳ ದನಿ ಮೆಲ್ಲನೆ ಮೇಲೇರಿತು. "ಮೂರು ದಿನ! ಮೂರು ದಿನದಿಂದ ನಾನು ಒಂದೊಂದೇ ಕಣ್ಣು ಮುಚ್ಕೊಂಡು ಗೋಡೆ ಓದ್ತಿದೀನಿ. ನಿನ್ನೆ ಸ್ನಾನದ ಮನೇಲಿ ಕೂತು ಅತ್ತಿದೀನಿ. ನೀವು ನಲ್ಲಿ ತಿರುಗಿಸ್ಕೊಂಡು ನಿಂತಿದ್ರಿ. ನಾನು ಅಕ್ಕನ ಕೈ ಅಂತ ಅತ್ತೆ ಹತ್ರ ಜಗಳ ಆಡ್ತಿದ್ರೆ, ನೀವು ನಲ್ಲಿ ತಿರುಗಿಸ್ತಿದ್ರಿ!"

ದೊಡ್ಡವಳಿಗೆ ಹೇಳುವುದಕ್ಕೆ ಒಂದೇ ಮಾತಿತ್ತು, ಅದನ್ನು ಹೇಳಿಯೂಬಿಟ್ಟಳು. "ನಂಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚು ಕಣೇ. ನೀನು ಬಂದಾಗಿಂದ."

ಅತ್ತೆ ಮೆಲ್ಲಗೆ ತಮ್ಮ ಕುರ್ಚಿಗೆ ವಾಪಸಾಗಿ ಯಾರದ್ದೋ ಎಡಗೈಯನ್ನು ಬಹಳ ಗಮನವಿಟ್ಟು ನೋಡತೊಡಗಿದರು.

ಚಿಕ್ಕವಳು ಭೂತಗನ್ನಡಿ ಎಳೆದು ಗೊಂಬೆಯ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು. ಹೊಗಳುತ್ತಾಳೇನೋ ಎಂದು ದೊಡ್ಡವಳ ಪಾಪಿ ಮನಸ್ಸು ಆಗಲೂ ಕಾಯಿತು.

"ಎಡಗಣ್ಣು ಮೇಲಿದೆ," ಎಂದಳು ಚಿಕ್ಕವಳು. "ತೊಳೀರಿ. ಪೂರ್ತಿ ತೊಳೀರಿ, ನೀವು ತೊಳೆಯೋ ಹಾಗೆ."

ತೊಳೆದಳು. ಕಡ್ಡಿಯ ತುದಿಯ ಹತ್ತಿಗೆ ಕಂದು, ಕಪ್ಪು, ಬಿಳಿ ಎಲ್ಲ ಅಂಟಿ ಒಂದು ಕೊಳಕು ಬಣ್ಣವಾಯಿತು. ರೆಪ್ಪೆಯ ಸಂದಿಯಲ್ಲಿ ಉಳಿದ ಕೊನೆಯ ಚೂರನ್ನು ಮೊನೆಕಡ್ಡಿಯಿಂದ ತೆಗೆದಾಗ ಕೈ ನಡುಗಲಿಲ್ಲ. ಆ ಕೆಲಸದಲ್ಲಿ ಅವಳ ಕೈ ಎಂದೂ ನಡುಗಿದ್ದಿಲ್ಲ. ಮುಖ ಬೋಳಾಯಿತು. ಚಿಕ್ಕವಳು ಅದನ್ನು ತೆಗೆದುಕೊಂಡು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದಳು. ಅದು ದೊಡ್ಡವಳಿಗೆ ಕೆನ್ನೆಗೆ ಹೊಡೆದ ಹಾಗಿತ್ತು. ಹೊಡೆಸಿಕೊಳ್ಳಬೇಕಾದದ್ದೇ.

ಎರಡು ದಿನ ಮಾತಿಲ್ಲ. ಮಾತೆಲ್ಲ ಅತ್ತೆಯ ಮೂಲಕ.

"ಅತ್ತೆ, ಅವರಿಗೆ ಸ್ವಲ್ಪ ಕಿಟಕಿ ಬಿಟ್ಟು ನಿಲ್ಲೋಕೆ ಹೇಳಿ."

"ಕೇಳಿಸ್ತೇನೇ? ಕಿಟಕಿ ಬಿಡ್ಬೇಕಂತೆ."

"ಅತ್ತೆ, ಪ್ರೈಮರ್ ಒಣಗಿದೆ ಅಂತ ಹೇಳಿ."

"ಒಣಗಿದೆಯಂತೆ ಕಣೇ. ನನ್ನ ಗಂಟಲೂ ಒಣಗಿದೆ, ಅದನ್ನೂ ಯಾರಾದ್ರೂ ಯಾರಿಗಾದ್ರೂ ಹೇಳಿ, ಒಂದು ಲೋಟ ಟೀ ಬರ್ಲಿ."

ಭಾನುವಾರ ಬೆಳಗ್ಗೆ ಚಿಕ್ಕವಳು ಮುಖಕ್ಕೆ ಕೂತಳು. ಕಿರುಬೆರಳೂರಿ ಉಸಿರು ಹಿಡಿದಳು. ಕಾಲು ಗಂಟೆಯೂ ಹಿಡಿಯಲಿಲ್ಲ. ಕುಂಚ ಕೆಳಗಿಟ್ಟು, ಕೈ ಬೆರಳುಗಳನ್ನು ಮಡಚಿ ಬಿಡಿಸಿ ಒಮ್ಮೆ ನೋಡಿಕೊಂಡಳು. ಅವಳ ಭುಜ ಇಳಿದದ್ದು ತೊಟ್ಟಿಯ ಹತ್ತಿರದಿಂದಲೂ ಕಾಣಿಸಿತು. ದೊಡ್ಡವಳಿಗೆ ಅಲ್ಲಿಂದ ಮುಖ ಕಾಣುವಂತಿರಲಿಲ್ಲ. ನೋಡಬೇಕೆಂಬ ಆಸೆ, ನೋಡಬಾರದೆಂಬ ಹಟ. ಅಲ್ಲೇ ಬ್ರಷ್ಷು ಉಜ್ಜುತ್ತ ನಿಂತಳು, ಉಜ್ಜುವುದಕ್ಕೆ ಕೈಯಲ್ಲಿ ಏನೂ ಇಲ್ಲದಿದ್ದರೂ.

"ಅಕ್ಕಾ."

ಅತ್ತೆಯ ಕೈಯಿಂದ ರುಂಡವೊಂದು ಜಾರಿ ಡಬ್ಬಿಯಲ್ಲಿ ಠಣ್ ಎಂದಿತು.

"ಬನ್ನಿ ಇಲ್ಲಿ. ಮಚ್ಚೆ ಬಿಟ್ಟಿದೀನಿ. ನೀವಿಡಿ."

"ನಾನ್ಯಾಕೆ... ಡಾಕ್ಟರು ಕೇಳಿದ್ರೆ?"

"ಹುಟ್ಟು ಮಚ್ಚೆ, ಅದಿಲ್ಲದೆ ಇವಳು ಅವಳಲ್ಲ ಅಂತೀನಿ. ಬನ್ನಿ, ಬಣ್ಣ ಒಣಗತ್ತೆ. ನಿಮ್ಮ ಮೇಲಿನ ಸಿಟ್ಟು ನಂಗೆ ಇನ್ನೂ ಇದೆ, ಅದೇನೂ ಒಣಗಿಲ್ಲ."

ದೊಡ್ಡವಳು ಕೈ ಒರೆಸಿಕೊಂಡು ಹೋಗಿ ಕೂತಳು. ಚಿಕ್ಕವಳು ಸಣ್ಣ ಕುಂಚವನ್ನು ಕಂದು ಬಣ್ಣದಲ್ಲಿ ಅದ್ದಿ, ತುದಿಯನ್ನು ಕಾಗದದ ಮೇಲೆ ತಿರುಗಿಸಿ ಮೊನೆ ಮಾಡಿ ಕೊಟ್ಟಳು. ಭೂತಗನ್ನಡಿಯಲ್ಲಿ ಉಲ್ಕೆಯ ಮುಖ ಬಂತು. ದೊಡ್ಡವಳು ಕುತ್ತಿಗೆ ನೋಡಬೇಕಿತ್ತು, ಕಣ್ಣು ನೋಡಿದಳು.

ಎರಡೂ ಕಣ್ಣು ಸಮನಾಗಿದ್ದವು. ಅವಳು ಎಂದೂ ಬರೆಯಲಾರದಷ್ಟು ಸಮ. ರೆಪ್ಪೆಯ ನೆರಳು, ಅಂಚಿನ ಬೆಳಕು, ಎಲ್ಲಿಯೂ ಒಂದು ತಪ್ಪಿಲ್ಲ. ಆದರೂ ಆಕಾಶದಿಂದ ಬಿದ್ದವಳು ಮತ್ತೆ ಆಕಾಶವನ್ನೇ ನೋಡುತ್ತ 'ಇಷ್ಟೇನಾ?' ಎಂದು ಕೇಳುವ ಆ ನೋಟ ಅಲ್ಲಿತ್ತು. ಎಲ್ಲಿಂದ ಕದ್ದಳು ಇವಳು? ಮೆಳ್ಳೆಗಣ್ಣಿನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಇದಕ್ಕೇನಾ? ತನ್ನ ನೋಟ, ತನಗಿಂತ ಚೆನ್ನಾಗಿ. ಹೊಟ್ಟೆಯಲ್ಲಿ ಕೆಂಡ ಮತ್ತೆ ನಿಗಿನಿಗಿ ಎಂದಿತು, ಎಲ್ಲಿಗೂ ಹೋಗಿರಲಿಲ್ಲ ಅದು.

"ಹೊಟ್ಟೆ ಉರೀತಿದೆ ಕಣೇ," ಎಂದಳು, ಕುಂಚ ಎತ್ತಿಕೊಂಡೇ.

"ಉರೀಲಿ ಬಿಡಿ ಅಕ್ಕ," ಎಂದಳು ಚಿಕ್ಕವಳು, ದೀಪವನ್ನು ಇನ್ನಷ್ಟು ಹತ್ತಿರ ಎಳೆಯುತ್ತ. "ಕೈ ಮಾತ್ರ ಅಲ್ಲಾಡಿಸಬೇಡಿ."